ಗಂಡನ ಹೆಸರು ಕೇಳದ ತರಗತಿ

ಲಿಫ್ಟು ರಿಪೇರಿ ಮಾಡುವ ಹೆಂಗಸು ಎಂದರೆ ಜನ ಇವತ್ತಿಗೂ ಒಂದು ಸಲ ತಿರುಗಿ ನೋಡುತ್ತಾರೆ. ಅವಳು ಮಾತ್ರ ಇಪ್ಪತ್ತೊಂದು ವರ್ಷದಿಂದ ಅದೇ ಕೆಲಸ ಮಾಡಿಕೊಂಡು ಬಂದಿದ್ದಾಳೆ. ಸೊಂಟಕ್ಕೆ ಸ್ಪ್ಯಾನರು ಸಿಕ್ಕಿಸಿದ ಚರ್ಮದ ಪಟ್ಟಿ, ಜೇಬಿನಲ್ಲಿ ಟಾರ್ಚು, ಕಿವಿಯ ಹಿಂದೆ ಪೆನ್ಸಿಲು. ಅವಳು ನೋಡಿಕೊಳ್ಳುವ ಮೂವತ್ತೆರಡು ಕಟ್ಟಡಗಳಲ್ಲಿ ಕಾವಲುಗಾರರಿಂದ ಹಿಡಿದು ಎಂಟನೇ ಮಹಡಿಯ ಮುದುಕರವರೆಗೆ ಎಲ್ಲರಿಗೂ ಅವಳು ಲಿಫ್ಟಕ್ಕ. ಊರಿನ ಅರ್ಧ ಜನರನ್ನು ಮೇಲೆ ಕೆಳಗೆ ಓಡಾಡಿಸುವ ಈ ಲಿಫ್ಟಕ್ಕನ ಮನೆ ಇರುವುದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ಎರಡು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ಮುಖ ಮಾಡಿದ ಕಿಟಕಿ, ಕಿಟಕಿಯ ಕೆಳಗೆ ಹಳದಿ ಸೋಫಾ. ಅಲ್ಲಿ ಅವಳ ಜೊತೆ ಸಂಸಾರ ಮಾಡುತ್ತಿರುವವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಗುಬ್ಬಿ. ಅದು ಲಿಫ್ಟಕ್ಕ ಇಟ್ಟ ಹೆಸರು. ನೋಡಲು ಕಡ್ಡಿಯಂತಿದ್ದರೂ ದಿನವಿಡೀ ಏನಾದರೊಂದು ಕುಕ್ಕಿ ತಿನ್ನುತ್ತಲೇ ಇರುವ ಜೀವ ಅದು. ಹದಿನಾಲ್ಕು ವರ್ಷದ ಹಿಂದೆ ಒಂದು ಕಟ್ಟಡದಲ್ಲಿ ಲಿಫ್ಟು ನಿಂತುಹೋಗಿ ಗುಬ್ಬಿ ಒಳಗೆ ಸಿಕ್ಕಿಹಾಕಿಕೊಂಡಿದ್ದಳು. ಲಿಫ್ಟಕ್ಕ ಬಾಗಿಲು ಸರಿಸಿದಾಗ, ಹೆದರಿ ಅಳುತ್ತಿರಬೇಕಾದವಳು ನೆಲದ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. "ನಿಮಗೂ ಒಂದು ಕೊಡ್ಲಾ?" ಎಂದು ಕೇಳಿದಳು. ಲಿಫ್ಟಕ್ಕ ಎರಡು ತೆಗೆದುಕೊಂಡಳು. ಆಮೇಲಿನದು ಹೇಳಬೇಕಾಗಿಲ್ಲ.

ಲಿಫ್ಟಕ್ಕನಿಗೆ ನಲವತ್ಮೂರು ತುಂಬಿದ ವರ್ಷ ಒಂದು ಪೇಚು ಒದಗಿತು. ಒಂಬತ್ತು ಮಹಡಿಯ ಕಚೇರಿಯೊಂದರ ತಾರಸಿಯಲ್ಲಿ, ಲಿಫ್ಟಿನ ಯಂತ್ರವಿರುವ ಕೋಣೆಗೆ ಹತ್ತಲು ಒಂದು ಚೌಕದ ಕಿಂಡಿ ಇತ್ತು. ಎಷ್ಟೋ ಸಲ ತೂರಿ ಹೋಗಿದ್ದ ಕಿಂಡಿಯೇ. ಅವತ್ತು ಅರ್ಧ ಮೇಲೆ ಹೋದವಳು ಅಲ್ಲೇ ಸಿಕ್ಕಿಕೊಂಡಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೆಳಗೆ ಏಣಿ ಹಿಡಿದಿದ್ದ ಕಾವಲುಗಾರ ಗಾಬರಿಯಾಗಿ, "ಅಕ್ಕಾ, ಲಿಫ್ಟ್ ರಿಪೇರಿಯವರನ್ನ ಕರೀಲಾ?" ಎಂದು ಕೂಗಿದ.

"ಅಯ್ಯೋ ಮಾರಾಯ, ಆ ರಿಪೇರಿಯವಳೇ ನಾನು!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕಷ್ಟೂ ಕಿಂಡಿ ಬಿಗಿಯಾಯಿತು. ಕೊನೆಗೆ ಸೊಂಟದ ಪಟ್ಟಿ ಬಿಚ್ಚಿ, ಉಸಿರು ಬಿಟ್ಟು, ಜಾರಿ ಕೆಳಗಿಳಿಯುವಾಗ ಬಲ ಮೊಣಕಾಲು ಏಣಿಗೆ ಬಡಿದು ಊದಿ ಕುಂಬಳಕಾಯಿಯಾಯಿತು. ವೈದ್ಯರು ಕಾಲು ಒತ್ತಿ ನೋಡಿ, "ಏಟು ವಾರದಲ್ಲಿ ವಾಸಿಯಾಗುತ್ತೆ. ಆದರೆ ಮೊಣಕಾಲು ಮೊದಲೇ ಸವೆದಿದೆ. ಸ್ವಲ್ಪ ಹಗುರಾದ್ರೆ ಇನ್ನೂ ಇಪ್ಪತ್ತು ವರ್ಷ ಮೆಟ್ಟಿಲು ಹತ್ತಬಹುದು," ಎಂದು ಹೇಳಿ, ಫೋನಿನಲ್ಲೇ ನಡೆಯುವ ತೂಕ ಇಳಿಸುವ ತರಗತಿಯೊಂದರ ವಿಳಾಸ ಬರೆದುಕೊಟ್ಟರು. ಹನ್ನೆರಡು ವಾರದ ತರಗತಿ, ವಾರಕ್ಕೊಂದು ಸಂಜೆ ಎಲ್ಲರೂ ಪರದೆಯ ಮೇಲೆ ಸೇರಬೇಕು.

ಅದೇ ಸಂಜೆ ಇಬ್ಬರೂ ಹಳದಿ ಸೋಫಾದ ಮೇಲೆ ಕೂತು ಅರ್ಜಿ ತುಂಬಲು ಶುರುಮಾಡಿದರು. ವಯಸ್ಸು, ಎತ್ತರ, ತೂಕ ಆಯಿತು. ನಾಲ್ಕನೆಯದು ಗಂಡನ ಹೆಸರು, ಪಕ್ಕದಲ್ಲಿ ಕೆಂಪು ನಕ್ಷತ್ರ. ಖಾಲಿ ಬಿಟ್ಟರೆ ಮುಂದಕ್ಕೆ ಹೋಗದು. ಗೆರೆ ಎಳೆದರೂ ಒಪ್ಪದು. ಬೇಸತ್ತ ಲಿಫ್ಟಕ್ಕ 'ಅನ್ವಯಿಸುವುದಿಲ್ಲ' ಎಂದು ಒತ್ತಿದಳು. ಅರ್ಜಿ ಸರಾಗವಾಗಿ ಮುಂದಕ್ಕೆ ಹೋಯಿತು.

ಮರುದಿನ ಬೆಳಿಗ್ಗೆ ಬಂದ ಸಂದೇಶ ಹೀಗಿತ್ತು: "ಶುಭೋದಯ! ಇಂದು ಎಲೆಕೋಸಿನ ಸೂಪ್ ಮಾಡಿ. ಶ್ರೀ ಅನ್ವಯಿಸುವುದಿಲ್ಲ ಅವರಿಗೂ ಬಡಿಸಿ. ಅವರು ನಿಮ್ಮ ಹೊಸ ರೂಪಕ್ಕೆ ಮರುಳಾಗುವರು!"

ಗುಬ್ಬಿ ಚಹಾ ಮೂಗಿಗೇರಿ ಕೆಮ್ಮಿದಳು. ಒಂದು ವಾರ ಮನೆಯಲ್ಲಿ ಅದೇ ತಮಾಷೆ. "ಶ್ರೀ ಅನ್ವಯಿಸುವುದಿಲ್ಲ ಅವರೇ, ಟವೆಲ್ ಎಲ್ಲಿಟ್ರಿ?" "ಶ್ರೀ ಅನ್ವಯಿಸುವುದಿಲ್ಲ ಅವರಿಗೆ ಸೂಪ್ ಸಪ್ಪೆ ಅನ್ನಿಸ್ತಿದೆ ಕಣೇ."

ಆದರೆ ಮೊದಲ ತರಗತಿಯಲ್ಲಿ ನಗು ಉಳಿಯಲಿಲ್ಲ. ಪರದೆಯ ಮೇಲೆ ಇಪ್ಪತ್ತು ಹೆಂಗಸರು. ಪಾಠ ಹೇಳುವಾಕೆ, "ಮದುವೆ ದಿನ ಹಾಕಿದ್ದ ಬಟ್ಟೆ ನೆನೆಸಿಕೊಳ್ಳಿ. ಅದು ಮತ್ತೆ ಹಿಡಿಸಿದಾಗ ನಿಮ್ಮವರ ಕಣ್ಣು ಹೇಗೆ ಅರಳುತ್ತೆ ಅಂತ ಊಹಿಸಿ!" ಎಂದರು. ಒಬ್ಬೊಬ್ಬರೂ ತಮ್ಮ ಆಸೆ ಹೇಳಿಕೊಂಡರು. ಲಿಫ್ಟಕ್ಕ, "ನನಗೆ ಮೊಣಕಾಲು," ಎಂದಳು. "ನಿಮ್ಮ ಯಜಮಾನ್ರು ಏನಂತಾರೆ?" ಎಂದು ಯಾರೋ ಅಕ್ಕರೆಯಿಂದಲೇ ಕೇಳಿದರು. ಅವಳು "ನೆಟ್‌ವರ್ಕ್ ಸರಿಯಿಲ್ಲ" ಎಂದು ಸುಳ್ಳು ಹೇಳಿ ಫೋನು ಆರಿಸಿದಳು. ಮತ್ತೆ ಹೋಗಲಿಲ್ಲ.

ಲಿಫ್ಟಕ್ಕನಿಗೆ ಹದಿನೈದಾಗಿದ್ದಾಗ ಅಮ್ಮ ಅವಳ ತಟ್ಟೆಯಿಂದ ಒಂದೊಂದೇ ತುತ್ತು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. "ಹೀಗೇ ಊದ್ತಾ ಹೋದ್ರೆ ಯಾವ ಗಂಡು ಒಪ್ತಾನೆ ನಿನ್ನ?" ಎನ್ನುತ್ತಿದ್ದಳು. ಯಾವ ಗಂಡೂ ಬೇಡ ಎಂದು ಹೇಳುವ ಬಾಯಿ ಆಗ ಲಿಫ್ಟಕ್ಕನಿಗೆ ಇರಲಿಲ್ಲ. ಗುಬ್ಬಿಯ ಜೊತೆ ಇರಲು ಬಂದ ಮೇಲೆಯೇ ಅವಳು ಯಾರ ಕಣ್ಣಿಗೂ ಹೆದರದೆ ಹೊಟ್ಟೆ ತುಂಬ ಉಂಡದ್ದು. ಈಗ ತೂಕ ಇಳಿಸು ಎಂದರೆ ಆ ಹಳೆಯ ತಟ್ಟೆಯ ಮುಂದೆ ಮತ್ತೆ ಕೂರಿಸಿದಂತಾಗುತ್ತಿತ್ತು.

ಹದಿನೈದು ದಿನದ ನಂತರ, ಏಕೆ ಬಿಟ್ಟಿರಿ ಎಂದು ಕೇಳುವ ಪ್ರಶ್ನಾವಳಿ ಬಂತು. ಸಮಯವಿಲ್ಲ, ಆಸಕ್ತಿ ಇಲ್ಲ, ಇತರೆ. ಲಿಫ್ಟಕ್ಕ 'ಇತರೆ' ಒತ್ತಿ, ಗುಬ್ಬಿಯಿಂದ ಕಾಗುಣಿತ ತಿದ್ದಿಸಿಕೊಂಡು, ಬರೆದಳು: "ನಾನು ಹೆಣ್ಣು, ನನ್ನ ಸಂಗಾತಿಯೂ ಹೆಣ್ಣು. ಹದಿನಾಲ್ಕು ವರ್ಷದಿಂದ ಸುಖವಾಗಿದ್ದೇವೆ. ನಾನು ಯಾರ ಕಣ್ಣಿಗೂ ಚೆಂದ ಕಾಣಬೇಕಾಗಿಲ್ಲ, ಅವಳ ಕಣ್ಣಿಗೆ ಈಗಲೇ ಕಾಣುತ್ತೇನೆ. ನನಗೆ ಬೇಕಾಗಿರುವುದು ಮೆಟ್ಟಿಲು ಹತ್ತುವ ಕಾಲು. ನಿಮ್ಮ ತರಗತಿಯಲ್ಲಿ ನನಗೆ ಕೂರಲು ಜಾಗವಿರಲಿಲ್ಲ."

ಮೂರನೇ ದಿನ ಲಿಫ್ಟಿನ ತಳದ ಗುಂಡಿಯಲ್ಲಿ ಗ್ರೀಸು ಹಚ್ಚುತ್ತಿದ್ದಾಗ ಫೋನು ಬಂತು. ತರಗತಿ ನಡೆಸುವ ಆಹಾರ ತಜ್ಞೆಯೇ ಮಾತಾಡುತ್ತಿದ್ದರು.

"ನಾಲ್ಕು ವರ್ಷದಿಂದ ನಡೆಸ್ತಿದ್ದೀನಿ. ಮಧ್ಯದಲ್ಲಿ ಬಿಟ್ಟುಹೋಗೋರು ಯಾಕೆ ಬಿಡ್ತಾರೆ ಅಂತ ಯಾರೂ ಹೇಳಿರ್ಲಿಲ್ಲ. ನೀವು ಹೇಳಿದ್ರಿ. ಒಂದ್ಸಲ ಬಂದು ನನ್ನ ತಪ್ಪುಗಳನ್ನ ತೋರಿಸ್ತೀರಾ?"

"ನಾನು ಲಿಫ್ಟ್ ರಿಪೇರಿಯವಳು, ಮೇಡಂ."

"ನನ್ನದೂ ರಿಪೇರಿನೇ ಆಗ್ಬೇಕಾಗಿರೋದು."

ಶನಿವಾರ ಲಿಫ್ಟಕ್ಕ ಮೇಡಂ ಅವರ ಪುಟ್ಟ ಕಚೇರಿಗೆ ಹೋದಳು. ತೂಕದ ಯಂತ್ರ, ಪ್ಲಾಸ್ಟಿಕ್ಕಿನ ಹಣ್ಣುಗಳು, ಗೋಡೆಯ ತುಂಬ ಸಪೂರ ಹೆಂಗಸರ ಚಿತ್ರಗಳು. ಮೇಜಿನ ಮೇಲೆ ಪಾಠದ ಹಾಳೆಗಳನ್ನು ಹರಡಿಕೊಂಡು, ಕಿವಿಯ ಹಿಂದಿನ ಪೆನ್ಸಿಲು ತೆಗೆದು ಗೀಟು ಹಾಕುತ್ತ ಹೋದಳು. ಗಂಡನ ಹೆಸರು ಹೋಯಿತು. ಬಸಿರಿನ ಬಗ್ಗೆ ಒಂಬತ್ತು ಪ್ರಶ್ನೆಗಳಿದ್ದವು, ಒಂದೇ ಉಳಿಯಿತು. ಮೊದಲು–ನಂತರದ ಫೋಟೋಗಳು ಹೋದವು. ಹತ್ತನೇ ಪುಟಕ್ಕೆ ಬರುವಾಗ ಮೇಡಂ ಮುಖ ಸಣ್ಣದಾಗಿತ್ತು.

"ಬರೀ ಪದಗಳು ತಾನೆ ಇವು? ಯಾರು ಕುಡಿದ್ರೂ ಸೂಪು ಸೂಪೇ ಅಲ್ವಾ?"

"ಸೂಪು ಸೂಪೇ ಮೇಡಂ. ಆದ್ರೆ 'ಒಳಗೆ ಬನ್ನಿ' ಅಂತ ಹೇಳದೆ ಬಾಗಿಲಲ್ಲೇ ನಿಲ್ಲಿಸಿ ಲೋಟ ಕೊಟ್ರೆ ನೀವು ಕುಡೀತೀರಾ?"

ಮೇಡಂ ಎದ್ದುಹೋಗಿ ತಾವೂ ಒಂದು ಪೆನ್ಸಿಲು ತಂದರು. ಇಬ್ಬರೂ ಸೇರಿ ಮತ್ತೆ ಮೊದಲಿಂದ ಬರೆದರು. ಕ್ಯಾಮೆರಾ ಹಾಕಲೇಬೇಕೆಂದಿಲ್ಲ, ಸ್ವಂತ ಹೆಸರು ಹೇಳಲೇಬೇಕೆಂದಿಲ್ಲ. ಸಂಗಾತಿ ಪಕ್ಕದಲ್ಲಿ ಕೂರಬಹುದು. ತೂಕ ನೋಡುವುದು ಕೊನೆಯ ಮಾತು. ಮೊದಲ ಮಾತು, ನಿಮ್ಮ ಮೈಯಿಂದ ನಿಮಗೆ ಏನು ಕೆಲಸ ಆಗಬೇಕು ಎಂಬುದು. ಮೇಲುಗಡೆ ಮೇಡಂ ದಪ್ಪಕ್ಷರದಲ್ಲಿ, 'ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಿಗಾಗಿ' ಎಂದು ಬರೆದರು. ಬರೆಯುವಾಗ ಆದದ್ದು ಸಂತೋಷವೋ ಅಂಜಿಕೆಯೋ ತಮಗೇ ಗೊತ್ತಾಗಲಿಲ್ಲ ಎಂದು ಆಮೇಲೆ ಅವರೇ ಹೇಳಿದರು.

ಮೊದಲ ವಾರ ಇಬ್ಬರೇ ಸೇರಿದರು, ಲಿಫ್ಟಕ್ಕ ಮತ್ತು ಜೊತೆಗೆ ಗುಬ್ಬಿ. "ಇವಳ ತೂಕ ಇಳಿಸಿದ್ರೆ ಗಾಳಿಗೆ ಹಾರಿಹೋಗ್ತಾಳೆ," ಎಂದು ಗುಬ್ಬಿಯನ್ನು ನೋಡಿ ಮೇಡಂ ನಕ್ಕರು. ಎರಡನೇ ವಾರ ಐವರು. ಮೂರನೇ ವಾರದ ಹೊತ್ತಿಗೆ ಹನ್ನೊಂದು ಮಂದಿ. ಬೇಕರಿಯಲ್ಲಿ ಹಿಟ್ಟು ನಾದುವವಳು, ಅರವತ್ತೊಂದರ ನಿವೃತ್ತ ಆಟದ ಟೀಚರ್, 'ಹೇಳಲ್ಲ' ಎಂದೇ ಹೆಸರು ಕೊಟ್ಟು ಸೇರಿದ ಒಬ್ಬಳು. ಅವತ್ತು ಪರದೆಯ ಮೇಲೆ ಒಂಬತ್ತು ಕಪ್ಪು ಚೌಕಗಳು, ಮೇಡಂ ಬಿಟ್ಟರೆ ಲಿಫ್ಟಕ್ಕನ ಮುಖ ಒಂದೇ. ಯಾರೂ ಬಾಯಿ ಬಿಡಲೊಲ್ಲರು. ಅಷ್ಟರಲ್ಲಿ ಲಿಫ್ಟಕ್ಕನ ಹಿಂದೆ ಗುಬ್ಬಿ, ತಾನು ಕಾಣಿಸುತ್ತಿದ್ದೇನೆ ಎಂಬ ಪರಿವೆಯಿಲ್ಲದೆ, ಅಂಗೈಯಗಲದ ಬೆಣ್ಣೆ ಬನ್ನನ್ನು ಬಾಯಿಗೆ ತುರುಕಿಕೊಳ್ಳುತ್ತ ಹಾದುಹೋದಳು.

"ಯಾರಮ್ಮಾ ಅದು, ತೂಕ ಇಳಿಸೋ ತರಗತೀಲಿ ಬನ್ನು?" ಎಂದು ಆಟದ ಟೀಚರ್ ಕಪ್ಪು ಚೌಕದೊಳಗಿಂದ ಗದರಿದರು.

"ನಮ್ಮವಳು," ಎಂದಳು ಲಿಫ್ಟಕ್ಕ.

ಬೇಕರಿಯವಳ ಮುಖ ಪರದೆಯ ಮೇಲೆ ಬೆಳಗಿತು, ಹಿಂದೆಯೇ ಟೀಚರರದು, ಹೀಗೆ ಒಂದಾದ ಮೇಲೊಂದು. 'ಹೇಳಲ್ಲ' ಮಾತ್ರ ಕ್ಯಾಮೆರಾ ಹಾಕಲಿಲ್ಲ. ಆದರೆ ಅತ್ಯಂತ ಜೋರಾಗಿ ನಕ್ಕವಳು ಅವಳೇ.

ಅಲ್ಲಿಂದ ಮುಂದೆ ವಾರದ ಆ ಸಂಜೆಗಾಗಿ ಎಲ್ಲರೂ ಕಾಯತೊಡಗಿದರು. ಬೇಕರಿಯವಳಿಗೆ ಬೆನ್ನು ನೋಯದೆ ಹಿಟ್ಟಿನ ಮೂಟೆ ಎತ್ತಬೇಕಾಗಿತ್ತು. ಟೀಚರ್‌ಗೆ ತೀರಿಹೋದ ಸಂಗಾತಿಯ ಜೊತೆ ನಡೆಯುತ್ತಿದ್ದ ಕೆರೆಯ ದಾರಿಯನ್ನು ಪೂರ್ತಿ ಸುತ್ತಬೇಕಾಗಿತ್ತು. "ಅವಳು ಹೋದ್ಮೇಲೆ ಒಬ್ಬಳಿಗೇ ಅಡುಗೆ ಮಾಡೋಕೆ ಬೇಜಾರು. ಬಿಸ್ಕತ್ತು ಡಬ್ಬಾನೇ ಊಟ," ಎಂದು ಅವರು ಹೇಳಿಕೊಂಡಾಗ ಮೇಡಂ ಪಾಠದ ಹಾಳೆ ಬದಿಗಿಟ್ಟರು. ಮುಂದಿನ ವಾರದಿಂದ ಎಲ್ಲರೂ ಫೋನು ಒಲೆಯ ಪಕ್ಕ ಇಟ್ಟುಕೊಂಡು ಒಂದೇ ಹೊತ್ತಿಗೆ ಅಡುಗೆ ಮಾಡತೊಡಗಿದರು. "ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಈ ಗಾದೆ ಕಟ್ಟಿದವರಿಗೆ ಬಲ್ಲವಳು ಕಣ್ಣಿಗೇ ಬಿದ್ದಿರ್ಲಿಲ್ವಾ?" ಎಂದು ಟೀಚರ್ ಕ್ಯಾರೆಟ್ ಹೆಚ್ಚುತ್ತಲೇ ತಕರಾರು ತೆಗೆಯುತ್ತಿದ್ದರು.

ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತೆಂದಲ್ಲ. ಆರನೇ ವಾರದಲ್ಲಿ ಗುಬ್ಬಿ ಮಂಕಾದಳು. ಬನ್ನು ಮನೆಗೆ ತರುವುದನ್ನು ನಿಲ್ಲಿಸಿದ್ದೇನೆ ಎನ್ನುತ್ತಿದ್ದವಳ ಕಾಲರಿನ ಮೇಲೆ ಸಕ್ಕರೆ ಪುಡಿ ಸಿಕ್ಕಿತು.

"ಕದ್ದು ತಿನ್ನೋದ್ಯಾಕೆ? ನಿನಗೇನು ತೂಕ ಇಳಿಸ್ಬೇಕಾ?" ಎಂದು ಲಿಫ್ಟಕ್ಕ ರೇಗಿದಳು.

ಗುಬ್ಬಿ ಸೋಫಾದ ಮೂಲೆಯಲ್ಲಿ ಮುದುಡಿ ಕೂತಳು. "ನೀನು ಪ್ಯಾಂಟು ಸಡಿಲ ಆಯ್ತು ಅಂತ ಕುಣೀತೀಯ. ನನಗೆ ಭಯ ಆಗುತ್ತೆ ಕಣೇ. ನೀನು ಪೂರಾ ಬದಲಾಗಿಬಿಟ್ರೆ, ನಾನು ಯಾರನ್ನ ಒರಗಿಕೊಂಡು ಪುಸ್ತಕ ಓದ್ಲಿ?"

ಲಿಫ್ಟಕ್ಕ ಪಕ್ಕದಲ್ಲಿ ಹೋಗಿ ಕೂತು, ಆ ಪುಟ್ಟ ತಲೆಯನ್ನು ತನ್ನ ತೋಳಿಗೆ ಎಳೆದುಕೊಂಡಳು. "ನೋಡು, ಒರಗೋಕೆ ಇನ್ನೂ ಬೇಕಾದಷ್ಟಿದೆ. ನಿನ್ನಂಥೋರು ಇನ್ನಿಬ್ಬರು ಬಂದ್ರೂ ಜಾಗ ಇದೆ."

"ಇನ್ನಿಬ್ಬರು ಯಾಕಂತೆ?" ಎಂದು ಗುಬ್ಬಿ ಚಿವುಟಿದಳು. ಜಗಳ ಅಲ್ಲಿಗೆ ಮುಗಿಯಿತು. ಮುಂದಿನ ತರಗತಿಯಲ್ಲಿ ಗುಬ್ಬಿಯೇ ಆ ಮಾತು ಎತ್ತಿದಳು. ಬೇಕರಿಯವಳ ಸಂಗಾತಿಗೂ ಅದೇ ದಿಗಿಲಿತ್ತೆಂದು ಗೊತ್ತಾಯಿತು.

ಒಂಬತ್ತನೇ ವಾರ, ತರಗತಿಯ ಹೊತ್ತಿಗೇ ಲಿಫ್ಟಕ್ಕನ ಅಮ್ಮ ಬಂದಳು. ಎಪ್ಪತ್ತು ದಾಟಿದ ಜೀವ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿತ್ತು. ಈ ಹದಿನಾಲ್ಕು ವರ್ಷವೂ ಗುಬ್ಬಿಯನ್ನು 'ನಿನ್ನ ರೂಮ್‌ಮೇಟು' ಎಂದೇ ಕರೆದವಳು. ಅಡುಗೆಮನೆಯಲ್ಲಿ ಫೋನಿನಿಂದ ಹತ್ತಾರು ದನಿ ಕೇಳಿ ಇಣುಕಿದಳು. ಮಗಳು ತೆಳ್ಳಗಾಗಿರುವುದನ್ನು ನೋಡಿದಳು. ಹಳೆಯ ಮಾತು ಈಗ ಬಂದೇ ಬರುತ್ತದೆ ಎಂದುಕೊಂಡಳು ಲಿಫ್ಟಕ್ಕ.

ಅಮ್ಮ ಹೇಳಿದ್ದೇ ಬೇರೆ. "ಸರಿಯಾಗಿ ಊಟ ಮಾಡ್ತಿದ್ದೀಯ ತಾನೆ? ನಾನು ಆಗ ನಿನ್ನ ತಟ್ಟೆಯಿಂದ ತೆಗೀಬಾರದಾಗಿತ್ತು. ಈಗಲೂ ಒಂದೊಂದ್ಸಲ ನೆನಪಾದ್ರೆ ನನಗೆ ಗಂಟಲಲ್ಲಿ ತುತ್ತು ಇಳಿಯಲ್ಲ."

ಅಷ್ಟರಲ್ಲಿ ಆಟದ ಟೀಚರ್ ಪರದೆಯಿಂದ ಕೂಗಿದರು: "ನಮಸ್ಕಾರ ಅಮ್ಮಾ! ನೀವು ಇವರಿಬ್ಬರಲ್ಲಿ ಯಾರ ಅಮ್ಮ?"

ಅಮ್ಮ ಒಲೆಯ ಮುಂದೆ ನಿಂತಿದ್ದ ಗುಬ್ಬಿಯನ್ನು ನೋಡಿದಳು, ಮಗಳನ್ನು ನೋಡಿದಳು, ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. "ಇಬ್ಬರಿಗೂ ಅಮ್ಮ ಅಂತಿಟ್ಟುಕೊಳ್ಳಿ," ಎಂದಳು.

ಗುಬ್ಬಿಯ ಕೈಯಲ್ಲಿದ್ದ ಸೌಟು ಠಣ್ಣನೆ ನೆಲಕ್ಕೆ ಬಿತ್ತು. ಪರದೆಯ ತುಂಬ ಚಪ್ಪಾಳೆ. ಆ ಸಂಜೆ ಪಾಠವೇ ನಡೆಯಲಿಲ್ಲ. ಅಮ್ಮ ಪರದೆಯ ಮೇಲಿದ್ದ ಒಬ್ಬೊಬ್ಬರನ್ನೂ, ಯಾವ ಊರು, ಏನು ಕೆಲಸ, ಮನೇಲಿ ಯಾರಿದ್ದಾರೆ ಎಂದು ವಿಚಾರಿಸಿಕೊಂಡಳು. 'ಹೇಳಲ್ಲ' ಕೂಡ ಅವಳಿಗೆ ತನ್ನ ನಿಜವಾದ ಹೆಸರು ಹೇಳಿದಳು.

ಹನ್ನೆರಡು ವಾರ ಮುಗಿದಾಗ ಲಿಫ್ಟಕ್ಕ ಇಳಿದದ್ದು ಆರು ಕಿಲೋ. ವೈದ್ಯರು ಮೊಣಕಾಲು ಮಡಚಿ ಬಿಡಿಸಿ ನೋಡಿ, "ಇದು ನಿಮ್ಮದೇ ಕಾಲಾ?" ಎಂದು ಚೇಷ್ಟೆ ಮಾಡಿದರು. ಬೇಕರಿಯವಳು ಎರಡು ಕಿಲೋ ಇಳಿದು ಬೆನ್ನು ನೋಯದೆ ಮೂಟೆ ಎತ್ತುತ್ತಿದ್ದಳು. ಟೀಚರ್ ತೂಕವನ್ನೇ ನೋಡಲಿಲ್ಲ. ಕೆರೆ ಸುತ್ತಿ ಬಂದು ಅದರ ಫೋಟೋ ಕಳಿಸಿದರು. ಗುಬ್ಬಿ ಒಂದೂವರೆ ಕಿಲೋ ಹೆಚ್ಚಾದಳು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತು.

ಈಗ ನಾಲ್ಕನೇ ತಂಡ ನಡೆಯುತ್ತಿದೆ. ಹೊಸದಾಗಿ ಸೇರುವವರ ಜೊತೆ ಮೊದಲು ಮಾತಾಡುವ ಕೆಲಸವನ್ನು ಮೇಡಂ ಲಿಫ್ಟಕ್ಕನಿಗೇ ವಹಿಸಿದ್ದಾರೆ. ಮಧ್ಯಾಹ್ನದ ಬಿಡುವಿನಲ್ಲಿ ಯಾವುದೋ ಕಟ್ಟಡದ ಮೆಟ್ಟಿಲ ಮೇಲೆ ಕೂತು, ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಮಾತಾಡುತ್ತಾಳೆ. ಮೊನ್ನೆ ಬಂದ ದನಿ ಪಿಸುಗುಟ್ಟುತ್ತಿತ್ತು: "ಇದು... ಆ ತರಗತೀನಾ? ನಾನು ಎಲ್ಲಿಂದ ಶುರುಮಾಡ್ಲಿ, ಗೊತ್ತಾಗ್ತಿಲ್ಲ."

"ಊಟ ಆಯ್ತಾ?" ಎಂದು ಕೇಳಿದಳು ಲಿಫ್ಟಕ್ಕ.

"ಇಲ್ಲ..."

"ನನ್ನದೂ ಆಗಿಲ್ಲ. ಹೋಗಿ ತಟ್ಟೆ ಹಾಕ್ಕೊಂಡು ಬನ್ನಿ. ಇಬ್ಬರೂ ತಿಂತಾ ಮಾತಾಡೋಣ."