ಒಪ್ಪಿಗೆ ಪತ್ರಕ್ಕೆ ಹಟ್ಟಿಯ ಸಹಿ

ನನಗೊಂದು ಚಟವಿದೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನಿಯಮಗಳನ್ನು ಓದುತ್ತೇನೆ. ಹೊಸ ಕುಕ್ಕರ್ ತಂದರೆ ಅದರ ಜೊತೆ ಬಂದ ಪುಸ್ತಕ ಮುಗಿಯುವವರೆಗೆ ಅಕ್ಕಿ ತೊಳೆಯುವುದಿಲ್ಲ. ಬಸ್ ಟಿಕೆಟ್ಟಿನ ಬೆನ್ನನ್ನೂ ಬಿಟ್ಟವಳಲ್ಲ. ಇಂಥವಳು ನಲವತ್ನಾಲ್ಕನೇ ವಯಸ್ಸಿನಲ್ಲಿ, ತೊರಪಳ್ಳಿಯ ಮನೆ, ಗೂಡಲೂರಿನ ಶಾಲೆ ಎರಡನ್ನೂ ಹೊತ್ತುಕೊಂಡೇ, ಸಂಶೋಧನೆ ಮಾಡಿ ಪಡೆಯುವ ಸ್ನಾತಕೋತ್ತರ ಪದವಿಗೆ ಸೇರಿದೆ. ಸೇರಿದ ದಿನ ವಿಶ್ವವಿದ್ಯಾಲಯದವರು ಕೊಟ್ಟ ನಿಯಮಾವಳಿಯ ದಪ್ಪ ನೋಡಿ ನನಗಾದ ಸಂತೋಷವನ್ನು ನಮ್ಮ ಯಜಮಾನರು ಈಗಲೂ ಆಡಿಕೊಳ್ಳುತ್ತಾರೆ.

ಆ ಪುಸ್ತಕದಲ್ಲಿ ಇಲ್ಲದ್ದಿಲ್ಲ. ಪುಟದ ಎಡಗಡೆ ಎಷ್ಟು ಜಾಗ ಬಿಡಬೇಕು, ರಟ್ಟಿನ ಬಣ್ಣ ಯಾವುದು, ಮಾರ್ಗದರ್ಶಕರು ವಿದೇಶಕ್ಕೆ ಹೋದರೆ ಏನು, ಮಾರ್ಗದರ್ಶಕರ ಮಗಳನ್ನು ವಿದ್ಯಾರ್ಥಿಯೇ ಮದುವೆಯಾದರೆ ಏನು, ಎಲ್ಲಕ್ಕೂ ಉಪನಿಯಮ. ಹಿಂದೆ ಯಾರೋ ಒಬ್ಬ ಕಿಲಾಡಿ ಹಾಗೆ ಮದುವೆಯಾಗಿಯೇ ಇರಬೇಕು. ಅವನು ಪದವಿಯನ್ನೂ ಮಗಳನ್ನೂ ಕರೆದುಕೊಂಡು ಹೋದ, ನಿಯಮ ನಮಗೆ ಉಳಿಯಿತು. ಗುರುಕುಲದ ಶಿಷ್ಯರು ದನ ಕಾಯುತ್ತಿದ್ದರು, ಸೌದೆ ಹೊರುತ್ತಿದ್ದರು ಎಂದು ಓದಿ ನಾವು ಅಯ್ಯೋ ಪಾಪ ಎನ್ನುತ್ತೇವೆ. ದನ ಸಂಜೆಗೆ ಕೊಟ್ಟಿಗೆಗೆ ಬಂದರೆ ಅವರ ಕೆಲಸ ಮುಗಿಯಿತು. ಮೂರು ಪ್ರತಿಗಳಲ್ಲಿ ಬರಲಿ ಎಂದು ಯಾವ ಗುರುವೂ ಕೇಳಿದಂತಿಲ್ಲ.

ನನ್ನ ಕೊರಳಿಗೆ ಬಿದ್ದದ್ದು ಎರಡು ನಿಯಮ. ಒಂದು, ಗರಿಷ್ಠ ಅವಧಿ. ಅದನ್ನು ಒಮ್ಮೆ ಮಾತ್ರ ವಿಸ್ತರಿಸುತ್ತಾರೆ. ನನ್ನದು ವಿಸ್ತರಣೆಯಾಗಿ, ಅದೂ ಮುಗಿಯುತ್ತ ಬಂದು, ಒಂದು ಶುಕ್ರವಾರ ಸಂಜೆ ಐದು ಗಂಟೆಗೆ ಬಂದು ನಿಂತಿತ್ತು. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು, ಮೂರೂವರೆ ವರ್ಷದ ಕೆಲಸ ನೀರಿನಲ್ಲಿ ಹೋಮ. ಎರಡು, ಒಪ್ಪಿಗೆ ಪತ್ರ. ನಾನು ಯಾರ ಮಾತನ್ನು ದಾಖಲು ಮಾಡುತ್ತೇನೋ ಅವರೆಲ್ಲರೂ ತಲಾ ಒಂದು ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಪ್ರಬಂಧದ ಜೊತೆಗೇ ಕೊಡಬೇಕಾದ ಈ ಪತ್ರಗಳಿಗೆ ನಂಬರು ಇರುತ್ತದೆ, ಜೆರಾಕ್ಸ್ ನಡೆಯುವುದಿಲ್ಲ.

ನನ್ನ ವಿಷಯ, ಚಹಾ ಬರುವ ಮೊದಲು ನೀಲಗಿರಿಯ ಕುಂದಾ ಕಡೆಯ ಬಡಗರು ಏನು ಬೆಳೆಯುತ್ತಿದ್ದರು ಎಂಬುದು. ಅವರ ಊರಿಗೆ ಹಟ್ಟಿ ಎನ್ನುತ್ತಾರೆ. ಮಂಜೂರಿನಾಚೆಯ ಒಂದು ಹಟ್ಟಿಯಲ್ಲಿ ಎಂಬತ್ತೆಂಟು ವರ್ಷದ ಮಾದಿ ಅಜ್ಜಿ ಸಿಕ್ಕಿದರು. ಸಾಮೆ, ಬಾರ್ಲಿಗಳ ಬಿತ್ತನೆ ಬೀಜವನ್ನು ಎಲ್ಲಿಟ್ಟರು, ಯಾವ ಮನೆಗೆ ಮೊದಲು ಕೊಟ್ಟರು, ಹುಳ ಬಿದ್ದ ವರ್ಷ ಏನು ತಿಂದರು, ಎಲ್ಲ ಬಾಯಲ್ಲೇ ಇತ್ತು. ನನ್ನ ಮೂರನೇ ಅಧ್ಯಾಯ ಎಂದರೆ ಮಾದಿ ಅಜ್ಜಿಯೇ. ಅವರ ಬಡಗ ಮಾತು ನನ್ನ ಗುಂಡ್ಲುಪೇಟೆ ಕನ್ನಡಕ್ಕೆ ದೂರದ ನೆಂಟ, ಎರಡನೇ ಸಲಕ್ಕೆ ಅರ್ಥವಾಗುತ್ತಿತ್ತು. ಆದರೆ ಕಾಗದ ತೆಗೆದ ಕೂಡಲೇ ಅಜ್ಜಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಇದು ನನ್ನ ಒಬ್ಬ ಮಾತು ಇಲ್ಲೆ, ಕೂಸೆ. ಹಟ್ಟಿ ಮಾತು. ಹಟ್ಟಿಯ ಕೇಳು."

ನಾನು ಕೇಳಲಿಲ್ಲ. ಒಬ್ಬರಿಗೆ ಒಂದು ಪತ್ರ ಎಂದು ನಿಯಮ ಹೇಳುವಾಗ ಹಟ್ಟಿಯನ್ನೇಕೆ ಕೇಳಬೇಕು ಎಂಬ ಜಂಬ. ಮುದುಕಿಗೆ ಹೆದರಿಕೆ, ನಾಲ್ಕು ಸಲ ಹೋದರೆ ಸರಿಹೋಗುತ್ತದೆ ಎಂದುಕೊಂಡೆ. ನಾಲ್ಕು ಸಲವೂ ಚಹಾ ಕೊಟ್ಟರು, ಅವರೆಕಾಳಿನ ಸಾರು ಬಡಿಸಿದರು, ಹೆಬ್ಬೆಟ್ಟು ಮಾತ್ರ ಕೊಡಲಿಲ್ಲ. ಕೊನೆಗೆ ಐದೇ ದಿನ ಉಳಿದಿದ್ದಾಗ, ಭಾನುವಾರ, ಊರ ಗೌಡರ ಕಾಲು ಹಿಡಿದೆ. ಅವರು ಊರು ಸೇರಿಸಿದರು. ಹಿರಿಯರು ಒಂದು ಗಂಟೆ ಮಾತಾಡಿ, "ಆತು. ಹಟ್ಟಿ ಒಪ್ಪಿತು. ಕಾಗದ ಬುಟ್ಟು ಹೋಗು, ಶುಕ್ರವಾರ ಬಾ" ಎಂದರು. ಸೋಮವಾರ ಶಾಲೆಯಿತ್ತು. ಬಿಟ್ಟುಬಂದೆ.

ಶುಕ್ರವಾರ ರಜೆ ಹಾಕಿ ಹೋದೆ. ಅಜ್ಜಿಯ ಸೊಸೆ ನಗುನಗುತ್ತ ಕಾಗದ ಕೊಟ್ಟಳು. ಬಿಡಿಸಿ ನೋಡಿದೆ. ಅಜ್ಜಿಯ ಹೆಬ್ಬೆಟ್ಟು ಎಲ್ಲಿರಬೇಕೋ ಅಲ್ಲೇ ಇತ್ತು. ಅದರ ಕೆಳಗೆ, ಪಕ್ಕದಲ್ಲಿ, ಅಂಚಿನಲ್ಲಿ, ಮನೆಗೊಂದರಂತೆ ಇಡೀ ಹಟ್ಟಿ ಸಹಿ ಹಾಕಿತ್ತು. ತಮಿಳಿನಲ್ಲಿ ಕೆಲವು, ಇಂಗ್ಲಿಷಿನಲ್ಲಿ ಕೆಲವು, ಉಳಿದವು ಹೆಬ್ಬೆಟ್ಟು. ಎಣಿಸಿದರೆ ಮೂವತ್ತೊಂದು. ಗೌಡರು ಮೇಲೆ ತಮಿಳಿನಲ್ಲಿ 'ಊರು ಒಪ್ಪಿದೆ' ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದರು. ಹೆಚ್ಚುವರಿ ಬರಹವಿರುವ ಪತ್ರ ಅಸಿಂಧು ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿದೆ. ಅದನ್ನು ಆ ಸೊಸೆಯ ಮುಖ ನೋಡಿಕೊಂಡು ಹೇಗೆ ಹೇಳುವುದು? ಚೆನ್ನಾಗಿದೆ ಎಂದೆ.

ಊಟಿ ಬಸ್ಸು ಹತ್ತಿದಾಗ ಎರಡು ಗಂಟೆ. ಚೀಲದಲ್ಲಿ ಇನ್ನೊಂದು ಖಾಲಿ ಪತ್ರವಿತ್ತು. ಒಬ್ಬರು ಮಾತಾಡಲು ಒಪ್ಪದೆ ಉಳಿದಿದ್ದ ಪತ್ರ. ಶಾಲೆಯ ಇಂಕ್ ಪ್ಯಾಡೂ ಇತ್ತು. ಹೆಬ್ಬೆಟ್ಟಿನ ಗುರುತು ನೋಡಿ ಇದು ಎಂಬತ್ತೆಂಟರದ್ದೋ ನಲವತ್ತೆಂಟರದ್ದೋ ಎಂದು ವಿಶ್ವವಿದ್ಯಾಲಯದ ಯಾವ ಸಮಿತಿ ಹೇಳೀತು? ಹೀಗೆ ಯೋಚಿಸಿದವಳು ಇಪ್ಪತ್ತು ವರ್ಷ ಮಕ್ಕಳ ಕಾಪಿ ಚೀಟಿ ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ ಟೀಚರು ಎಂಬುದನ್ನು ದಯವಿಟ್ಟು ಮರೆಯಬೇಡಿ. ಪತ್ರವನ್ನು ತೊಡೆಯ ಮೇಲೆ ಹರಡಿದೆ. ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿದೆ. ತಿರುವಿನಲ್ಲಿ ಬಸ್ಸು ವಾಲಿದಾಗ ಕೈ ಎತ್ತಿಕೊಂಡೇ ಕೂತಿದ್ದೆ.

ಒತ್ತಬೇಕಾದ ಜಾಗದ ಮೇಲೊಂದು ಸಾಲಿತ್ತು: 'ನಾನು ಸ್ವಂತ ಇಚ್ಛೆಯಿಂದ, ಒಬ್ಬಳೇ ನಿರ್ಧರಿಸಿ ಒಪ್ಪಿದ್ದೇನೆ.' ಎರಡು ತಿಂಗಳು ಅಜ್ಜಿ ಬೇಡ ಎಂದದ್ದು ಇದೊಂದನ್ನೇ. ಅವರು ಸಾಮೆಯ ಬಗ್ಗೆ ಹೇಳಿದ್ದೆಲ್ಲ ನಿಜ, ಅದರ ಕೆಳಗೆ ನಾನು ಒತ್ತುವುದು ಸುಳ್ಳು. ನನಗೆ ಅಳು ಬಂತು. ಪಕ್ಕದಲ್ಲಿ ಕ್ಯಾರೆಟ್ ಮೂಟೆ ಹಿಡಿದು ಕೂತಿದ್ದ ಹೆಂಗಸು, ವಾಂತಿ ಬರ್ತಿದೆಯೋ ಎಂದು ಕಿಟಕಿ ಬಿಟ್ಟುಕೊಟ್ಟಳು. ಪತ್ರ ಮಡಚಿಟ್ಟೆ.

ಊಟಿಯಲ್ಲಿ ವಿಶ್ವವಿದ್ಯಾಲಯದ ಕಚೇರಿ ಮುಟ್ಟುವಾಗ ನಾಲ್ಕೂಕಾಲು. ಸೆಕ್ಷನ್ ಆಫೀಸರ್ ಮೇಡಂ ಖಡಕ್ಕು ಎಂದು ಹೆಸರಾದವರು. ಎಲ್ಲ ಪತ್ರಗಳನ್ನೂ ಒಂದೊಂದಾಗಿ ನೋಡುತ್ತ ಬಂದು ಮಾದಿ ಅಜ್ಜಿಯದಕ್ಕೆ ನಿಂತರು. ಆಮೇಲೆ ನನ್ನ ಕೈ ನೋಡಿದರು. ಅವರಾಡಿದ್ದು ತಮಿಳು, ನಾನು ನಮ್ಮ ಮಾತಿಗೆ ಇಳಿಸಿದ್ದೇನೆ.

"ನಿಮ್ಮ ಹೆಬ್ಬೆಟ್ಟು ಯಾಕೆ ನೀಲಿಯಾಗಿದೆ ಟೀಚರ್?"

ಮೂವತ್ತೊಂದರಲ್ಲಿ ಎಷ್ಟು ನನ್ನವು ಎಂದು ಅವರು ಯೋಚಿಸುತ್ತಿರುವುದು ಗೊತ್ತಾಯಿತು. ಸುಳ್ಳು ಹೇಳಲು ಸಮಯವೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಖಾಲಿ ಪತ್ರ ತೆಗೆದು ಮೇಜಿನ ಮೇಲಿಟ್ಟು, ಬಸ್ಸಿನಲ್ಲಿ ಮಾಡಹೊರಟದ್ದನ್ನೂ ಮಾಡಲಾಗದ್ದನ್ನೂ ಹೇಳಿಬಿಟ್ಟೆ. ಮೇಡಂ ಆ ಖಾಲಿ ಪತ್ರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಗೋಡೆ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

"ಪತ್ರ ಅಸಿಂಧು ಅನ್ನೋದು ನಿಮಗೂ ಗೊತ್ತು."

"ಗೊತ್ತು ಮೇಡಂ."

"ಆ ಅಜ್ಜಿಗೆ ಫೋನ್ ಮಾಡಿ."

ಸೊಸೆಯ ನಂಬರಿಗೆ ಮಾಡಿದೆ. ಮೂರನೇ ಸಲಕ್ಕೆ ಸಿಗ್ನಲ್ ಸಿಕ್ಕಿತು. ಮೇಡಂ ಫೋನು ಕಿತ್ತುಕೊಂಡವರೇ, "ಹೆತ್ತೆ" ಎಂದರು. ಬಡಗ ಮಾತಿನಲ್ಲಿ ಅಜ್ಜಿಯನ್ನು ಕರೆಯುವುದು ಹಾಗೆ. ಅವರೂ ಬಡಗರೇ, ಹುಬ್ಬತಲೈ ಹಟ್ಟಿಯವರು ಎಂಬುದು ಮೂರೂವರೆ ವರ್ಷದಲ್ಲಿ ನನಗೆ ಆಗಷ್ಟೇ ತಿಳಿಯಿತು. ಈ ಕಾಗದಕ್ಕೆ ಒಪ್ಪಿದ್ದು ಯಾರು ಎಂದು ಕೇಳಿದರು.

"ಹಟ್ಟಿ ಒಪ್ಪಿದೆ" ಎಂಬ ಅಜ್ಜಿಯ ಗಟ್ಟಿ ದನಿ ನನಗೂ ಕೇಳಿಸಿತು.

ಮೇಡಂ ಪೆನ್ನು ತೆಗೆದರು. ಒಪ್ಪಿದವರ ಹೆಸರು ಎಂಬಲ್ಲಿ ಮಾದಿ ಅಜ್ಜಿಯ ಹೆಸರಿನ ಪಕ್ಕ ಹಟ್ಟಿಯ ಹೆಸರು ಬರೆದರು. ಊರೇ ಒಪ್ಪಿದ್ದಾಗಿ ಸಮಿತಿಗೆ ಒಂದು ಟಿಪ್ಪಣಿ ಲಗತ್ತಿಸಿದರು. ನಾನು ಉಸಿರು ಬಿಡುವಷ್ಟರಲ್ಲಿ ಅವರ ಪೆನ್ನು ಮುಂದಿನ ಸಾಲಿನಲ್ಲಿ ನಿಂತಿತು. 'ವಯಸ್ಸು.' ಅದು ಖಾಲಿಯಿದ್ದರೆ ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲವಂತೆ. ಐದಕ್ಕೆ ಎಂಟು ನಿಮಿಷ.

"ಹೆತ್ತೆ, ಹಟ್ಟಿಗೆ ವಯಸ್ಸೆಷ್ಟು?"

ಆ ಕಡೆ ಗದ್ದಲವೆದ್ದಿತು. ಗೌಡರ ದನಿ, ಇನ್ಯಾರದೋ ದನಿ, ಏಳು ತಲೆ ಎಂದು ಒಬ್ಬರು, ಹತ್ತು ಎಂದು ಇನ್ನೊಬ್ಬರು. ನನ್ನ ಪದವಿ ಅವರ ತಲೆಮಾರುಗಳ ಲೆಕ್ಕದಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಅಷ್ಟರಲ್ಲಿ ಎಲ್ಲರನ್ನೂ ಸುಮ್ಮನಾಗಿಸಿ ಅಜ್ಜಿ ಹೇಳಿದರು:

"ನಾ ಮದುವೆಯಾಗಿ ಬಂದಾಗಲೇ ಇತ್ತು. ನಾ ಹೋದ ಮೇಲೂ ಇರಲಿ ಅಂತ ಬರಿ."

ಮೇಡಂ ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ವಯಸ್ಸಿನ ಜಾಗದಲ್ಲಿ ಅಜ್ಜಿಯ ಎಂಬತ್ತೆಂಟನ್ನೇ ಬರೆದು, ಸೀಲು ಒತ್ತಿ, ಸಮಯ ಹಾಕಿದರು. ಅಜ್ಜಿ ಹೇಳಿದ ಮಾತಿಗೆ ಪತ್ರದಲ್ಲಿ ಜಾಗವೇ ಇರಲಿಲ್ಲ. ಅದನ್ನು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದರು. 'ಕಚೇರಿ ಉಪಯೋಗಕ್ಕೆ' ಎಂಬ ಚೌಕದಲ್ಲಿ ಆಗಲೇ ಒಂದು ಸಹಿ ಹಾಕಿದ್ದರು. ಆದರೂ ಪತ್ರವನ್ನು ತಿರುಗಿಸಿಕೊಂಡು, ಹಟ್ಟಿಯವರ ಸಹಿಗಳ ಸಾಲಿನ ಕೊನೆಯಲ್ಲಿ, ಮೂವತ್ತೆರಡನೆಯದಾಗಿ, ಇನ್ನೊಂದು ಸಹಿ ಹಾಕಿದರು.