ಅರ್ಧ ದಿನದ ಕರಾಚಿ

ವಿಮಾನವನ್ನೇ ಹತ್ತದವನಿಗೆ ಅದರ ಮೇಲೆ ಯಾತರ ಸಿಟ್ಟು ಎಂದು ನೀವು ಕೇಳಬಹುದು. ನನ್ನ ಸಿಟ್ಟು ವಿಮಾನದ ಮೇಲಲ್ಲ. ಆ ಊರಿನಿಂದ ಈ ಊರಿಗೆ ಇಷ್ಟೇ ತಾಸು ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವವರ ಮೇಲೆ. ಎಂಥ ಹಸಿ ಸುಳ್ಳು!

ಇವರಿಗಿಂತ ಭಾಲ್ಕಿಯ ನಮ್ಮ ಸೋದರತ್ತೆಯ ಲೆಕ್ಕ ಎಷ್ಟೋ ಮೇಲು. ಆಕೆ ದೂರವನ್ನು ಬುತ್ತಿಯಿಂದ ಅಳೆಯುತ್ತಿದ್ದಳು. ಔರಾದ ಎಂದರೆ ಎರಡು ಬುತ್ತಿಯ ಹಾದಿ. ಹಳ್ಳ ಬಂದೀತು, ಚಕ್ಕಡಿಯ ಕೀಲು ಮುರಿದೀತು, ಎತ್ತು ಮೊಂಡು ಹಿಡಿದೀತು ಎಂದೇ ಆ ಎರಡನೆಯ ಬುತ್ತಿ ಕಟ್ಟುತ್ತಿದ್ದಳು. ಸಾಲಿಯ ಮುಖ ಕಾಣದ ಹೆಂಗಸಿಗಿದ್ದ ಬುದ್ಧಿ ಓದಿದವರಿಗೆ ಬೇಡವೇ?

ಓದಿದವರಲ್ಲಿ ನಾನೂ ಒಬ್ಬ, ಅದನ್ನೂ ಹೇಳಿಬಿಡುತ್ತೇನೆ. ಹೈದರಾಬಾದ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿತ್ತು. ಬೀದರಿನಲ್ಲಿ ನಾನು ಮಾಸ್ತರ. ಊರಂಚಿನ ಮೈಲೂರಿನಲ್ಲಿ ನನ್ನ ಪಕ್ಕದ ಮನೆ ದರ್ಜಿ ಕಾಸಿಂ ಚಾಚಾ ಅವರದು. ಅವರ ಮಗಳು ಮುನ್ನಿ ಆ ಗದ್ದಲದಲ್ಲಿ ಗಂಡನೊಡನೆ ಕರಾಚಿ ಸೇರಿದ್ದಳು. ಇಲ್ಲಿ ಚಾಚಿ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವುದರೊಳಗೆ ಮಗಳನ್ನು ಒಮ್ಮೆ ನೋಡಬೇಕು ಎಂಬುದೊಂದೇ ಅವರ ಹಂಬಲ.

“ಮಾಸ್ತರ, ಕರಾಚಿ ಎಷ್ಟು ದೂರ ಅದರಿ?” ಎಂದು ಚಾಚಾ ಕೇಳಿದರು.

ಗೊತ್ತಿಲ್ಲ ಎನ್ನುವುದು ಮಾಸ್ತರರಿಗೆ ಒಲಿಯದ ವಿದ್ಯೆ. ಶಾಲೆಯ ಗೋಡೆಯ ನಕಾಶೆಗೆ ದಾರ ಹಿಡಿದು ಅಳೆದೆ. ಅದು ಹಳೆಯ ನಕಾಶೆ. ಎರಡು ದೇಶಗಳ ನಡುವಿನ ಗೆರೆ ಅದರಲ್ಲಿ ಇನ್ನೂ ಬಿದ್ದಿರಲಿಲ್ಲ. ದಾರ ಎಲ್ಲೂ ತಡೆಯದೆ ಕರಾಚಿ ಮುಟ್ಟಿತು. ಪತ್ರಿಕೆಯ ತಾಸುಗಳನ್ನು ಕೂಡಿಸಿಕೊಂಡು ನೇರ ಚಾಚಿಯ ಬಳಿಗೇ ಹೋದೆ.

“ವಿಮಾನದಾಗ ಅರ್ಧಾ ದಿನದ ಮಾತು ಚಾಚಿ. ಅಲ್ಲಿ ನಾಷ್ಟಾ ಮಾಡಿ ಹೊಂಟ್ರ ಸಂಜೀಕ ಹೈದರಾಬಾದದಾಗ ಚಾ ಕುಡೀಬಹುದು!”

ಚಾಚಿಯ ಮುಖ ಅರಳಿತು. ಮಗಳಿಗೆ ಕಾಗದ ಬರೆಸಿದರು. ಬಾಗಿಲ ಕಡೆ ಹಾಸಿಗೆ ಹಾಕಿಸಿಕೊಂಡರು. ತಿಂಗಳಾಯಿತು, ಎರಡಾಯಿತು. ಒಂದು ದಿನ ಹೋಗಿ ನೋಡಿದರೆ ಗೋಡೆಗೆ ಮುಖ ಮಾಡಿ ಮಲಗಿದ್ದಾರೆ, ಊಟ ಬಿಟ್ಟಿದ್ದಾರೆ.

“ಅರ್ಧಾ ದಿನದ ಹಾದಿ, ಮಾಸ್ತರ. ಅಷ್ಟ ಬರ್ಲಾಕ ಆಕಿಗಿ ಮನಸಿಲ್ಲ. ಆಕಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ.”

ಏಳು ಸಮುದ್ರದಾಚೆ ಎಂದಿದ್ದರೆ ಆ ತಾಯಿ ಮಗಳ ಮೇಲಿನ ನಂಬಿಕೆಯಲ್ಲೇ ಕಾಯುತ್ತಿದ್ದರು. ನನ್ನ ಅರ್ಧ ದಿನ ಆ ಮಗಳನ್ನು ಕಲ್ಲೆದೆಯವಳನ್ನಾಗಿ ಮಾಡಿಬಿಟ್ಟಿತ್ತು.

ಕಡೆಗೆ ಮುನ್ನಿಯ ಕಾಗದ ಬಂತು. ಉರ್ದುವಿನಲ್ಲಿ ಬರೆದಿದ್ದಳು, ಓದಿ ಹೇಳಿದವನು ನಾನೇ. ಗಡಿ ದಾಟುವ ಪರ್ಮಿಟ್ಟಿಗಾಗಿ ಮೂರು ಸಲ ಅರ್ಜಿ ಹಾಕಿದ್ದಳಂತೆ. ಈ ಕಿಟಕಿಯವರು ಆ ಕಿಟಕಿಗೆ ಕಳಿಸಿದರು, ಆ ಕಿಟಕಿಯವರು ನಾಳೆ ಬಾ ಎಂದರು, ನಾಳೆ ಹೋದರೆ ಇಲ್ಲ ಎಂದರು. ಓದುತ್ತಾ ಓದುತ್ತಾ ನನಗೆ ಮೈಯೆಲ್ಲ ಉರಿದುಹೋಯಿತು. ಮೋಡದ ಮೇಲೆ ಹಾರುವ ಯಂತ್ರ ಕಟ್ಟಿದ ಮನುಷ್ಯಜಾತಿಗೆ, ತಾಯಿಯನ್ನು ನೋಡಬೇಕೆನ್ನುವವಳ ಕಾಗದದ ಮೇಲೆ ಒಂದು ಠಸ್ಸೆ ಒತ್ತಲು ಕೈ ಬರುವುದಿಲ್ಲವೇ? ಥೂ ಇವರ!

ಚಾಚಿ ಮೆಲ್ಲಗೆ ಈ ಕಡೆ ಹೊರಳಿದರು. “ಇನ್ನೊಮ್ಮಿ ಓದ್ರಿ” ಎಂದರು. ಓದಿದೆ. ಮೂರು ಅರ್ಜಿಯ ಮಾತು ಬಂದಾಗ ಅವರ ಗಂಟುಮುಖ ಸಡಿಲವಾಯಿತು.

“ಹಾಂಗಂದ್ರ ಕರಾಚಿ ಭಾಳ ದೂರ ಅದ ಅನ್ರಿ. ಪಾಪ, ಕೂಸು ಹ್ಯಾಂಗ ಬರಬೇಕ್ರಿ?” ಎಂದು ಎದ್ದು ಕೂತು, ತಿನ್ನಲು ರೊಟ್ಟಿ ಕೇಳಿದರು.