ಬರ್ತೀನಿ ಅಂದು ಹಿಡಿದ ಮೂಲೆ ಅಂಗಡಿ

ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ಈ ಮೂಲೆ ಅಂಗಡಿಗೆ ನಾನು ಹೆಚ್ಚಿಗೆ ತೆತ್ತದ್ದು ಮೂರು ತಿಂಗಳ ಬಾಡಿಗೆ. ಅಷ್ಟೂ ಹೋದದ್ದು ನನ್ನ ಬಾಯಿಂದ ಜಾರಿದ ಒಂದು ಮಾತಿಗೆ. ಅದನ್ನೇ ಕನ್ನಡದಲ್ಲಿ ಆಡಿದ್ದರೆ ಪುಕ್ಕಟೆ ಆಗುತ್ತಿತ್ತು. ಇಂಗ್ಲಿಷಿನಲ್ಲಿ ಆಡಿದೆ, ದುಡ್ಡು ಬಿತ್ತು. ಆದರೆ ಆ ಮಾತು ಆಡದೆ ಹೋಗಿದ್ದರೆ ಈ ಮೂಲೆ ನನ್ನ ಕೈಗೆ ಬರುತ್ತಲೂ ಇರಲಿಲ್ಲ. ಲಾಭವೋ ಲುಕ್ಸಾನೋ, ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ನನ್ನದು ಸ್ಟೀಲ್ ಪಾತ್ರೆ ವ್ಯಾಪಾರ. ತೊಂಬತ್ತರ ದಶಕದ ಶುರುವಿನಲ್ಲಿ ನಾವು ವಿಜಾಪುರದಿಂದ ಲಂಡನ್ನಿಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಸೀರೆಗಿಂತ ಡಬ್ಬಿಗಳೇ ಜಾಸ್ತಿ ಇದ್ದವು. ಯಾರ ಮನೆಯಲ್ಲಿ ಅರಿಷಿಣ ಕುಂಕುಮ ಇದ್ದರೂ ಒಂದು ಮಸಾಲೆ ಡಬ್ಬಿ, ಒಂದು ಇಡ್ಲಿ ಸ್ಟ್ಯಾಂಡು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಧಾರವಾಡದವರು, ಬೆಂಗಳೂರಿನವರು, ಈಸ್ಟ್ ಹ್ಯಾಮಿನ ತಮಿಳರು, ಕ್ವೀನ್ಸ್‌ಬರಿಯ ಗುಜರಾತಿಗಳು, ಎಲ್ಲರಿಗೂ ಇಡ್ಲಿ ಸ್ಟ್ಯಾಂಡು ಬೇಕು, ಯಾರಿಗೂ ಅದನ್ನು ಊರಿಂದ ಹೊತ್ತು ತರುವ ಉಮೇದಿಲ್ಲ. ಅಲ್ಲಿ ನನ್ನ ಅನ್ನ ಇತ್ತು. ನಮ್ಮ ಮನೆಯವರು ಅಂಚೆಯ ವಿಂಗಡಣೆ ಕೆಲಸಕ್ಕೆ ಹೋಗುತ್ತಿದ್ದರು. ನಾನು ಕೂಡಿಟ್ಟದ್ದರಲ್ಲಿ ಹೈ ರೋಡಿನ ಹಿಂದಿನ ಒಂದು ಹಳೇ ಸಾಲಿನಲ್ಲಿ ಅಂಗಡಿ ಹಿಡಿದೆ.

ಆ ಸಾಲಿನ ಬಗ್ಗೆ ಈಗ ಜನ ಬಹಳ ಚಂದ ಮಾತಾಡುತ್ತಾರೆ. ಅಲ್ಲಿ ವ್ಯಾಪಾರ ಮಾಡದವರು ಮಾತಾಡುತ್ತಾರೆ. ಒಳಗೆ ಥಂಡಿ ಏರಿ ಗೋಡೆ ಬೆವರುತ್ತಿತ್ತು. ಮುಂದಿನ ಕಿಟಕಿ ಸಣ್ಣದು. ಮಟಮಟ ಮಧ್ಯಾಹ್ನವೂ ಟ್ಯೂಬ್‌ಲೈಟು ಉರಿಯಬೇಕು. ಸ್ಟೀಲಿನ ಗುಟ್ಟು ಏನೆಂದರೆ, ಅದರ ಅರ್ಧ ಬೆಲೆಯನ್ನು ಬೆಳಕೇ ಕಟ್ಟುತ್ತದೆ. ಕತ್ತಲಲ್ಲಿ ಸ್ಟೀಲೂ ಅಲ್ಯೂಮಿನಿಯಮ್ಮೂ ಅಣ್ಣ ತಮ್ಮಂದಿರು. ಗಿರಾಕಿ ಪಾತ್ರೆ ಎತ್ತಿಕೊಂಡು ಬಾಗಿಲಿಗೆ ಹೋಗಿ, ಬೆಳಕಿಗೆ ಹಿಡಿದು, ಹೊರಳಿಸಿ ನೋಡಿ ಒಳಗೆ ಬರುವುದು. ಹಾಗೆ ಬಾಗಿಲಿಗೆ ಹೋದವರಲ್ಲಿ ಅರ್ಧ ಜನಕ್ಕೆ ಬಸ್ಸು ಕಾಣುತ್ತಿತ್ತು.

ಆ ಸಾಲನ್ನು ಕೆಡವಿ ಕೆಳಗೆ ಅಂಗಡಿ, ಮೇಲೆ ಫ್ಲ್ಯಾಟು ಕಟ್ಟುತ್ತಾರೆಂದು ಸುದ್ದಿ ಬಂದಾಗ ಪಕ್ಕದ ಚಪ್ಪಲಿ ರಿಪೇರಿಯವನು ತಲೆ ಮೇಲೆ ಕೈ ಹೊತ್ತು ಕೂತ. ಎದುರಿನ ಬಟ್ಟೆ ಅಂಗಡಿಯವಳು ಸಹಿ ಸಂಗ್ರಹಕ್ಕೆ ಬಂದಳು. ನಾನು ಚಹಾ ಕೊಟ್ಟೆ, ಸಹಿ ಕೊಡಲಿಲ್ಲ. ಕೆಡವಲಿ ಅಂತಲೇ ನನ್ನ ಮನಸ್ಸು. ಮುಗಿಯುವ ತನಕ ನಮಗೆಲ್ಲ ಕಾರ್ ಪಾರ್ಕಿನ ಅಂಚಿನಲ್ಲಿ ತಗಡಿನ ಕ್ಯಾಬಿನ್ನುಗಳನ್ನು ಕೊಟ್ಟರು. ಹೊಸದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಗಡಿ ಎಂದೂ ಮಾತಾಯಿತು.

ಕಟ್ಟಡದ ಜಾಗಕ್ಕೆ ಸುತ್ತಲೂ ಹಲಗೆಯ ಬೇಲಿ ಹೊಡೆದರು. ಆ ಬೇಲಿಯಲ್ಲಿ ಅಲ್ಲಲ್ಲಿ, ದೊಡ್ಡವರ ಕಣ್ಣಿಗೊಂದು, ಚಿಕ್ಕವರ ಕಣ್ಣಿಗೊಂದು ಎತ್ತರದಲ್ಲಿ, ಚೌಕದ ಕಿಂಡಿ ಕೊರೆದು ಪ್ಲಾಸ್ಟಿಕ್ಕು ಕೂರಿಸಿದ್ದರು. ಹಾದು ಹೋಗುವವರು ಒಳಗಿನ ಕೆಲಸ ನೋಡಲಿ ಅಂತ. ಇದನ್ನು ಯೋಚನೆ ಮಾಡಿದವರಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ನಾನು ಗೋಲಗುಂಬಜಿನ ಊರಿನವಳು. ಕಟ್ಟಿದ್ದು ನಿಂತಿರುವುದನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಕಟ್ಟುವುದನ್ನು ಕಣ್ತುಂಬ ನೋಡಿದ್ದು ಇಲ್ಫರ್ಡಿನ ಆ ಕಿಂಡಿಯಲ್ಲಿ.

ಕೆಡವುವಾಗ ಧೂಳು ಏಳದ ಹಾಗೆ ಒಬ್ಬ ಪೈಪಿನಿಂದ ನೀರು ಹೊಡೆಯುತ್ತಲೇ ನಿಂತಿರುತ್ತಿದ್ದ. ಹಳೇ ಇಟ್ಟಿಗೆಗಳನ್ನು ಗಾರೆ ಕೆತ್ತಿ, ಒಂದರ ಮೇಲೊಂದು ಜೋಡಿಸಿ, ಕಟ್ಟಿ ಲಾರಿಗೆ ಹಾಕಿದರು. ಮಾರಾಟಕ್ಕೆ. ಹೊಸದಕ್ಕಿಂತ ಹಳೇ ಇಟ್ಟಿಗೆಗೆ ಬೆಲೆ ಜಾಸ್ತಿಯಂತೆ. ಕೇಳಿ ನನಗೆ ಸಂತೋಷವಾಯಿತು. ಯಾವುದನ್ನೂ ಪುಕ್ಕಟೆ ಬಿಸಾಡದ ಜನ ನನಗೆ ಇಷ್ಟ. ಆಮೇಲೆ ಹೊಂಡ ಬಿತ್ತು. ಡ್ರಮ್ಮು ತಿರುಗಿಸುತ್ತ ಕಾಂಕ್ರೀಟ್ ಲಾರಿಗಳು ಮದುವೆ ಊಟದ ಪಂಕ್ತಿಯ ಹಾಗೆ ಒಂದರ ಹಿಂದೆ ಒಂದು ಬಂದು ನಿಲ್ಲುತ್ತಿದ್ದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಲಿಫ್ಟಿನ ಗೋಡೆ. ಸುತ್ತ ಏನೂ ಇಲ್ಲದೆ ಅದೊಂದೇ ಆಕಾಶಕ್ಕೆ ನಿಂತಿತ್ತು. ಕ್ರೇನಿನವನು ಬೆಳಿಗ್ಗೆ ಊಟದ ಚೀಲ ಹೆಗಲಿಗೆ ಹಾಕಿ ಏಣಿ ಹತ್ತಿದರೆ ಮತ್ತೆ ಇಳಿಯುವುದು ಸಂಜೆಗೆ. ಅವನು ಮೇಲಿನಿಂದ ಇಳಿಸಿದ ಉಕ್ಕಿನ ತೊಲೆಯನ್ನು ಕೆಳಗೆ ಇಬ್ಬರು ಹಗ್ಗ ಹಿಡಿದು, ತೊಟ್ಟಿಲು ತೂಗಿದ ಹಾಗೆ ಅತ್ತ ಇತ್ತ ಮಾಡಿ, ಕೊನೆಗೆ ಅಂಗೈಯಿಂದ ಒಂಚೂರು ನೂಕಿ ಕೂರಿಸುತ್ತಿದ್ದರು. ಆನೆಯಷ್ಟು ತೂಕ, ಆದರೆ ಕೂಗಾಟ ಇಲ್ಲ.

"ಸಿನಿಮಾ ಟಿಕೀಟ್ ತಗೊಂಡೀ ಏನ?" ಎಂದು ಮನೆಯವರು ಕೆಣಕುತ್ತಿದ್ದರು. "ಕ್ಯಾಬಿನ್ ಬಾಗಿಲಾ ತೆರದಿಟ್ಟು ಇಲ್ಲಿ ಬಂದು ನಿಂತೀ."

"ನೀವು ಸುಮ್ಮನಿರ್ರಿ. ನಮ್ಮ ಮನಿ ಹೆಂಗ ಏಳಾಕತ್ತೈತಿ ಅಂತ ನೋಡಬ್ಯಾಡಾ?"

"ಮನಿ ನಿಂದಲ್ಲ, ಅವರದು. ನಿನಗ ಕೊಡೂದು ಒಂದು ಗೂಡು."

ಮಾತು ನಿಜವಿತ್ತು. ಮತ್ತು ಯಾವ ಗೂಡು ಎನ್ನುವುದೇ ಪ್ರಶ್ನೆಯಾಗಿತ್ತು. ನನಗೆಂದು ಗುರುತು ಮಾಡಿದ್ದ ಅಂಗಡಿ ಹಿಂಬದಿಯಲ್ಲಿ, ಕಸದ ಡಬ್ಬಿಗಳ ಕೋಣೆಯ ಪಕ್ಕ. ಸೂರ್ಯ ಅತ್ತ ತಲೆ ಹಾಕುವುದಿಲ್ಲ ಎಂದು ಕಿಂಡಿಯಲ್ಲಿ ನೋಡಿ ನೋಡಿ ನನಗೆ ಗೊತ್ತಿತ್ತು. ಹೊಸ ಕಟ್ಟಡದಲ್ಲೂ ಹಳೇ ಕತ್ತಲು. ಮುಂದಿನ ಮೂಲೆಯದಕ್ಕಾದರೆ ಎರಡು ಬೀದಿಯ ಬೆಳಕು, ಸ್ಟೇಷನ್ನಿನಿಂದ ಬರುವ ಜನದ ಎದುರು ಬಾಗಿಲು. ಆದರೆ ಆ ಮೂಲೆ ಯಾರಿಗೂ ಗುರುತಾಗಿರಲಿಲ್ಲ, ಮೊದಲು ಒಪ್ಪಿದವರಿಗೆ. ಒಂದು ಕಾಫಿ ಕಂಪನಿಯವರು ಆಗಲೇ ಬಂದು ಟೇಪು ಹಿಡಿದು ಅಳತೆ ಮಾಡಿ ಹೋಗಿದ್ದರು. ಹಿಂಬದಿಗೆ ಹೋದರೆ ನನ್ನ ವ್ಯಾಪಾರ ಮುಗಿದ ಹಾಗೆಯೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಗಳನ್ನು ಬಾಡಿಗೆಗೆ ಕೊಡುವ ಕೆಲಸ ಒಬ್ಬ ಇಂಗ್ಲಿಷ್ ಹೆಂಗಸಿನದು. ಐವತ್ತು ದಾಟಿದವಳು, ಕೊರಳಲ್ಲಿ ಸರಕ್ಕೆ ಕಟ್ಟಿದ ಕನ್ನಡಕ, ಎಲ್ಲರಿಗೂ "ಲವ್" ಅನ್ನುವವಳು. ಅವಳ ಆಫೀಸು ಬೇಲಿಯೊಳಗಿನ ಒಂದು ಕ್ಯಾಬಿನ್ನು. ಅಲ್ಲಿ ಕೂತು ನಾನು ಮೂಲೆ ಕೇಳಿದೆ.

"ಬಾಡಿಗೆ ಜಾಸ್ತಿ, ಲವ್. ಅದರಲ್ಲಿ ಒಂದು ಪೈಸೆ ಇಳಿಯಲ್ಲ, ಮೊದಲೇ ಹೇಳ್ತೀನಿ."

"ಇಳಿಸಬೇಡಿ. ಶುರುವಿನ ಆರು ತಿಂಗಳು ಬಾಡಿಗೆ ಬಿಡಿ. ಕಪಾಟು ಹೊಡೀಬೇಕು, ನೆಲ ಹಾಸಬೇಕು."

"ಮೂರು."

"ಕಾಫಿಯವರಿಗಾದರೆ ಆರು ಕೊಡ್ತಿದ್ರಿ."

"ಕಾಫಿಯವರು ನನಗೆ ಬಿಸ್ಕೀಟೂ ಕೊಡ್ತಾರೆ," ಅಂದಳು ಅವಳು. "ಮೂರು, ಲವ್."

ಈಗ ನಮ್ಮೂರ ಪದ್ಧತಿ ಹೇಳಬೇಕು. ಮಾತು ನಿಂತಲ್ಲಿ ಗಿರಾಕಿ ಎದ್ದುಬಿಡಬೇಕು. ಸೆರಗು ಸರಿ ಮಾಡಿಕೊಂಡು ನಿಧಾನ ಹೊರಡಬೇಕು. ಹೊಸ್ತಿಲು ದಾಟುವುದರೊಳಗೆ ಅಂಗಡಿಯವನು "ಬರ್ರಿ ಅಕ್ಕಾರ, ಕೂಡ್ರಿ, ಸಿಟ್ಟ ಯಾಕ" ಎಂದು ಕರೆದೇ ಕರೆಯುತ್ತಾನೆ. ವಿಜಾಪುರದ ಪೇಟೆಯಲ್ಲಿ ಅವ್ವನ ಸೆರಗು ಹಿಡಿದು ಕಲಿತ ವಿದ್ಯೆ ಇದು. ಹಾಗೇ ಎದ್ದೆ. ಎದ್ದವರು ಏನಾದರೂ ಅನ್ನಬೇಕಲ್ಲ. ನಮ್ಮಲ್ಲಿ "ಹೋಗ್ತೀನಿ" ಅನ್ನುವುದು ಅಪಶಕುನ. ಸಿಟ್ಟಿನಲ್ಲಿ ಹೊರಟರೂ, ಮತ್ತೆ ಮುಖ ನೋಡಬಾರದೆಂದು ಹೊರಟರೂ "ಬರ್ತೀನಿ" ಅಂತಲೇ ಹೊರಡಬೇಕು. ನನ್ನ ನಾಲಿಗೆ ಅದನ್ನೇ ಇಂಗ್ಲಿಷ್ ಮಾಡಿತು.

"ಓಕೆ. ಐ ವಿಲ್ ಕಮ್," ಅಂದೆ.

ಬಾಗಿಲ ತನಕ ನಿಧಾನ ನಡೆದೆ. ಯಾರೂ ಕರೆಯಲಿಲ್ಲ. ಬಾಗಿಲು ತೆರೆಯುವಾಗ ಬೇಕೆಂತಲೇ ಹಿಡಿಕೆಯ ಜೊತೆ ಗುದ್ದಾಡಿದೆ. "ಲವ್ಲೀ," ಅಂದಳು ಹಿಂದಿನಿಂದ, ಅಷ್ಟೇ. ಬೀದಿಗೆ ಬಂದೆ. ಗೇಟಿನ ಹತ್ತಿರ ಚಪ್ಪಲಿಯ ಪಟ್ಟಿ ಸರಿ ಮಾಡುವ ನೆಪದಲ್ಲಿ ಬಗ್ಗಿ ನಿಂತೆ. ಕ್ಯಾಬಿನ್ನಿನ ಬಾಗಿಲು ತೆರೆಯಲಿಲ್ಲ.

ಮನೆಯಲ್ಲಿ ಕಥೆ ಹೇಳಿದಾಗ ಮನೆಯವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಎದ್ದು ಬಂದಿ?"

"ಹೂಂ."

"ಅಕಿ ಕರಿಲಿಲ್ಲ?"

"ಇಲ್ರೀ."

"ಇದೇನ ವಿಜಾಪುರದ ಸಂತಿ ಅಂತ ತಿಳದೀ ಏನ? ಇಲ್ಲಿ ಎದ್ದ ಹೋದವರನ್ನ ಯಾರೂ ಕರಿಯೂದಿಲ್ಲ. ಹೋದ್ರು ಅಂದ್ರ ಹೋದ್ರು ಅಂತನ ತಿಳೀತಾರ."

ಆ ವಾರ ನನಗೆ ಊಟ ರುಚಿಸಲಿಲ್ಲ. ವಾಪಸ್ ಹೋಗಿ ಮೂರಕ್ಕೇ ಒಪ್ಪಿದೆ ಅನ್ನಬಹುದಿತ್ತು. ಆದರೆ ಎದ್ದವಳು ತಾನಾಗಿ ಬಂದು ಕೂತರೆ ಮೂರೂ ಎರಡಾಗುತ್ತದೆ, ಅದೂ ಪೇಟೆಯ ಪಾಠವೇ. ಕಿಂಡಿಗೆ ಹೋಗಿ ನಿಲ್ಲುತ್ತಿದ್ದೆ. ಮೂಲೆಯ ಕಂಬಗಳ ನಡುವೆ ಈಗ ಗೋಡೆ ಏಳುತ್ತಿತ್ತು. ಮುಂಭಾಗಕ್ಕೆ ಪೂರ್ತಿ ಗಾಜು ಬಿಟ್ಟಿದ್ದರು. ಪಕ್ಕದ ಬೀದಿಗೆ ಮಾತ್ರ ಎದೆಯ ಮಟ್ಟದ ತನಕ ಇಟ್ಟಿಗೆ ಬಂದು ಮೇಲೆ ಕಿಟಕಿ ಇರುವ ಲಕ್ಷಣ. ಕೆಲಸಗಾರ ದಾರ ಕಟ್ಟಿ, ಮಟ್ಟ ನೋಡಿ ಎರಡು ಸಾಲು ಇಟ್ಟಿಗೆ ಇಟ್ಟಿದ್ದ. ಕಾಫಿಯವರ ಕುರ್ಚಿಗಳು ಅಲ್ಲಿ ಬಂದು ಕೂತದ್ದು ನನ್ನ ಕಣ್ಣಿಗೆ ಆಗಲೇ ಕಾಣುತ್ತಿತ್ತು. ಆದರೂ ಆ ಸಾಲುಗಳು ಎಷ್ಟು ನೆಟ್ಟಗಿದ್ದವೆಂದರೆ, ಹೊಟ್ಟೆ ಉರಿಯುತ್ತಿರುವಾಗಲೂ ಭೇಷ್ ಅನ್ನದೆ ಇರಲಾಗಲಿಲ್ಲ.

ಆಮೇಲೆ ಫೋನು ಬಂತು. ಅವಳೇ.

"ಯಾವಾಗ ಬರ್ತೀರಿ, ಲವ್? ಬರ್ತೀನಿ ಅಂದು ಹೋದವರು ಪತ್ತೆನೇ ಇಲ್ಲ. ಕಾಫಿಯವರು ಎರಡು ಸಲ ಕೇಳಿದರು. ಆ ಮೂಲೆಗೆ ಒಬ್ಬ ಲೇಡಿ ಬರ್ತಿದ್ದಾರೆ, ಮೂರು ತಿಂಗಳಿಗೆ ಒಪ್ಪಿ ಹೋಗಿದ್ದಾರೆ ಅಂತ ನಾನು ಹೇಳಿಬಿಟ್ಟೆ."

ರಿಸೀವರ್ ಕಿವಿಗೆ ಒತ್ತಿ ಹಿಡಿದು, ಅವಳು ಏನು ತಿಳಿದಳೆಂದು ಲೆಕ್ಕ ಹಾಕಿದೆ. "ಓಕೆ" ಅಂದದ್ದು ಮೂರಕ್ಕೆ ಒಪ್ಪಿಗೆ. "ಐ ವಿಲ್ ಕಮ್" ಅಂದದ್ದು ಆ ಅಂಗಡಿಗೆ ಬರುತ್ತೇನೆ ಎಂದು. ನಾನು ಹೊರಟೆ ಅಂದುಕೊಂಡ ಹೊತ್ತಿನಲ್ಲಿ ಅವಳ ಲೆಕ್ಕದಲ್ಲಿ ನಾನು ಒಳಗೆ ಬಂದಿದ್ದೆ. ಇಲ್ಲ, ನಾನು ಅಂದದ್ದು ಹಾಗಲ್ಲ ಅಂದರೆ ಮತ್ತೆ ಆರಕ್ಕೆ ಜಗ್ಗಬಹುದು. ಆದರೆ ಕಾಫಿಯವರು ಹೊಸ್ತಿಲಲ್ಲೇ ನಿಂತಿದ್ದಾರೆ. ನನಗೆ ಬೇಕಿದ್ದದ್ದು ಬೆಳಕು. ಮಿಕ್ಕ ಮೂರು ತಿಂಗಳ ಬಾಡಿಗೆಗೆ ಅಲ್ಲೇ, ಫೋನಿನ ಪಕ್ಕದಲ್ಲೇ, ಎಳ್ಳು ನೀರು ಬಿಟ್ಟೆ.

"ನಾಳೆ ಬರ್ತೀನಿ," ಅಂದೆ. "ನಿಜವಾಗಿ."

ಹೋದೆ. ಆದರೆ ಬರಿಗೈಯಲ್ಲಿ ಸಹಿ ಹಾಕುವವಳಲ್ಲ ನಾನು. "ಪಕ್ಕದ ಬೀದಿಯ ಗೋಡೆ ಇನ್ನೂ ಎರಡೇ ಸಾಲು ಬಂದಿದೆ," ಅಂದೆ. "ಅದನ್ನು ನಿಲ್ಲಿಸಿ, ಗಾಜನ್ನು ನೆಲದ ತನಕ ಇಳಿಸಿ. ದುಡ್ಡಿನ ಮಾತು ಎತ್ತಲ್ಲ."

ಅವಳು ಕನ್ನಡಕ ಏರಿಸಿ ನನ್ನನ್ನು ನೋಡಿದಳು. "ಎರಡು ಸಾಲು ಅಂತ ನಿಮಗೆ ಯಾರು ಹೇಳಿದರು?"

"ನಿಮ್ಮ ಬೇಲಿಯ ಕಿಂಡಿ."

ನಕ್ಕಳು. ಆರ್ಕಿಟೆಕ್ಟನ್ನು ಕೇಳಬೇಕು, ಕೌನ್ಸಿಲ್ ಒಪ್ಪಬೇಕು ಅಂದಳು. ಕೇಳಿದಳು, ಒಪ್ಪಿದರು. ಆ ಎರಡು ಸಾಲು ಇಟ್ಟಿಗೆ ಬಿಚ್ಚಿದ್ದನ್ನೂ ನಾನು ಕಿಂಡಿಯಲ್ಲೇ ನೋಡಿದೆ. ಚಂದವಾಗಿ ಕಟ್ಟಿದ್ದ ಕೆಲಸಗಾರನಿಗೆ ಬೇಸರವಾಗಿರಬೇಕು. ಅವನಿಗೂ ಅವನ ಜೊತೆಯವರಿಗೂ ಒಂದು ಡಬ್ಬಿ ತುಂಬ ಬೇಸನ್ ಉಂಡೆ ಕೊಟ್ಟು ಕಳಿಸಿದೆ. ಖಾಲಿ ಡಬ್ಬಿ ತೊಳೆದು ವಾಪಸ್ ಬಂತು.

ಅಂಗಡಿ ತೆರೆದ ದಿನ ಬಿಸಿಲಿತ್ತು. ಎರಡು ಬೀದಿಯ ಬೆಳಕು ಒಳಗೆ ನುಗ್ಗಿ ಕೊಡ, ತಂಬಿಗೆ, ಪರಾತ, ಎಲ್ಲದರ ಮೇಲೂ ಕೂತಿತು. ಬಸ್ಸಿನೊಳಗಿನ ಜನ ಕತ್ತು ಹೊರಳಿಸಿದರು. ಯಾವ ಗಿರಾಕಿಯೂ ಪಾತ್ರೆ ಹಿಡಿದು ಬಾಗಿಲಿಗೆ ಹೋಗಲಿಲ್ಲ. ಮನೆಯವರು ಒಂದು ತಾಟು ಎತ್ತಿ ಅದರಲ್ಲಿ ಮುಖ ನೋಡಿಕೊಂಡು, "ಗೂಡಲ್ಲ ಬಿಡು," ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸನ್ಮಾನ.

ಸಂಜೆ ಆ ಇಂಗ್ಲಿಷ್ ಹೆಂಗಸೂ ಬಂದಳು. ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರು ಆರಿಸಿದಳು, ಬೆಲೆ ಇಳಿಸಿ ಅಂದಳು. ಒಂದು ಪೈಸೆ ಇಳಿಯಲ್ಲ, ಲವ್, ಅಂದೆ. ಆಗ ಅವಳಿಗೆ ಆ ದಿನದ ನಿಜ ಹೇಳಿದೆ: ನಾನು ಅವತ್ತು ಎದ್ದು ಹೊರಟವಳು, ನಮ್ಮಲ್ಲಿ ಹೋಗುವವರೆಲ್ಲ ಬರ್ತೀನಿ ಅಂತಲೇ ಹೇಳುವುದು. ಅವಳು ಕ್ಯಾರಿಯರ್ ಕೆಳಗಿಟ್ಟಳು.

"ಹಾಗಾದರೆ ನಿಜವಾಗಿ ವಾಪಸ್ ಬರುವವರು ಏನು ಹೇಳ್ತಾರೆ?"

"ಅವರೂ ಬರ್ತೀನಿ ಅಂತಲೇ."

"ಮತ್ತೆ ಯಾರು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಬಂದರೆ ಗೊತ್ತಾಗುತ್ತೆ."

ಪೂರ್ತಿ ಬೆಲೆ ಕೊಟ್ಟು, ಬಾಗಿಲಲ್ಲಿ ನಿಂತು, "ಐ ವಿಲ್ ಕಮ್," ಅಂದಳು. ದೀಪಾವಳಿಗೆ ಬಂದಳು, ಇನ್ನೆರಡು ಒಯ್ದಳು.

ನಿಮ್ಮ ಬೀದಿಗೂ ಒಂದು ದಿನ ಕ್ರೇನು ಬರುತ್ತದೆ. ಬಂದಾಗ ಅಳುತ್ತ ಕೂರಬೇಡಿ, ಹೋಗಿ ನೋಡಿ, ದಿನಾ ನೋಡಿ. ಬಿಸಿಲು ಯಾವ ಹೊತ್ತಿಗೆ ಯಾವ ಗೋಡೆಗೆ ಬೀಳುತ್ತದೆ ಎಂದು ನಕ್ಷೆಯನ್ನು ಕೇಳುವುದಕ್ಕಿಂತ ನಿಮ್ಮ ಕಣ್ಣನ್ನೇ ಕೇಳಿ. ಕೇಳುವುದಿದ್ದರೆ ಗೋಡೆ ಎರಡು ಸಾಲು ಇರುವಾಗ ಕೇಳಿ. ಮಾಳಿಗೆ ಹಾಕಿದ ಮೇಲೆ ದೇವರೂ ಕೊಡುವುದಿಲ್ಲ. ದುಡ್ಡು ಬಿಡದವರು ಗಾಜು ಬಿಟ್ಟಾರು, ಬಾಗಿಲು ಬಿಟ್ಟಾರು, ಅದನ್ನು ಕೇಳಿ. ಚೌಕಾಸಿಯಲ್ಲಿ ಎದ್ದು ಹೊರಡುವುದಿದ್ದರೆ ಇಂಗ್ಲಿಷಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಡಿ. ಇಲ್ಲಾ, ಆ ಜಾಗ ನಿಜಕ್ಕೂ ಬೇಕಾಗಿದ್ದರೆ, ಬರ್ತೀನಿ ಅನ್ನಿ. ಆದರೆ ಅಂದ ಮೇಲೆ ಹೋಗಿ.